ಕಾರ್ಡ್‌ಲೆಸ್ ಮೈಕ್ ಬಳಕೆ: ವಾಚಕರು ಹಾಗೂ ಚರ್ಚ್ ಸೇವಕರ ಮಾಹಿತಿಗಾಗಿ

ನಾನು ಸಹಾಯಕ ಧರ್ಮಗುರುವಾಗಿದ್ದ ಚರ್ಚೊಂದರಲ್ಲಿ ನಡೆದ ಘಟನೆಯಿದು. ಊರಿನ ಹಿರಿಯ ತಾಯಿಯೊಬ್ಬರ ಅಂತ್ಯಕ್ರಿಯೆ. ಗಲ್ಫ್‌ನಿಂದ ಹಿಂದಿನ ರಾತ್ರಿಯಷ್ಟೇ ಬಂದಿಳಿದಿದ್ದ ಮಗ ಬಲಿಪೂಜೆಯ ಕೊನೆಗೆ ಕಾರ್ಡ್‌ಲೆಸ್ ಮೈಕ್ ಹಿಡಿದು ತಾಯಿಯ ಬಗ್ಗೆ ನಾಲ್ಕು ಮಾತು ಹೇಳಲು ನಿಂತರು. ಮೊದಲ ವಾಕ್ಯ ಕೇಳಿಸಿತು. ಆಮೇಲೆ ಒಂದು ಪದ ಕೇಳಿದರೆ ಎರಡು ಪದ ಇಲ್ಲ, ನಡುನಡುವೆ ಬರ್ರ್ ಎಂಬ ಸದ್ದು. ತುಟಿ ಆಡುವುದು ಮಾತ್ರ ಎಲ್ಲರಿಗೂ ಕಾಣುತ್ತಿತ್ತು. ನಾನು ಎದ್ದು ಹೋಗಿ ವಾಚನಪೀಠದ ವೈರಿನ ಮೈಕ್ ತೋರಿಸುವಷ್ಟರಲ್ಲಿ ಅವರು ಮಾತು ಮುಗಿಸಿ ಕುಳಿತಾಗಿತ್ತು. ಸಮಾಧಿಯ ಬಳಿ ನನ್ನ ಹತ್ತಿರ ಬಂದು, "ಫಾದರ್, ನಾನು ಅಮ್ಮನ ಬಗ್ಗೆ ಹೇಳಿದ್ದು ಹಿಂದೆ ಕೂತವರಿಗೆ ಕೇಳಿಸಿತಾ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಮರುದಿನ ಪರಿಶೀಲಿಸಿದಾಗ ಮೈಕ್ ಕೆಟ್ಟಿರಲೇ ಇಲ್ಲ. ಕಳ್ಳರ ಭಯಕ್ಕೆ ಅದರ ರಿಸೀವರನ್ನು ಸಾಕ್ರಿಸ್ತಿಯ ಕಬ್ಬಿಣದ ಕಪಾಟಿನೊಳಗೆ ಇಟ್ಟು ಬಾಗಿಲು ಹಾಕಲಾಗಿತ್ತು. ಮೈಕಿನೊಳಗೆ ಒಂದು ಹೊಸ ಸೆಲ್, ಇನ್ನೊಂದು ಹಳೆಯದು. ಎರಡನ್ನೂ ಸರಿಪಡಿಸಲು ಐದು ನಿಮಿಷ ಹಿಡಿಯಿತು. ಆ ಐದು ನಿಮಿಷ ಹಿಂದಿನ ದಿನ ಯಾರಿಗೂ ಹೊಳೆಯಲಿಲ್ಲ, ನನಗೂ ಸೇರಿ.

ರೋಮನ್ ಪೂಜಾಗ್ರಂಥದ ಸಾಮಾನ್ಯ ಮಾರ್ಗಸೂಚಿಯ 311ನೇ ಕಂಡಿಕೆ ಈ ವಿಷಯವನ್ನು ಸ್ಪಷ್ಟವಾಗಿಯೇ ಹೇಳುತ್ತದೆ. ವಿಶ್ವಾಸಿಗಳು ಗುರುಗಳನ್ನೂ ವಾಚಕರನ್ನೂ ಕಾಣುವುದಷ್ಟೇ ಅಲ್ಲ, ಆಧುನಿಕ ಸಾಧನಗಳ ನೆರವಿನಿಂದ ಕಷ್ಟವಿಲ್ಲದೆ ಕೇಳಲೂ ಸಾಧ್ಯವಾಗಬೇಕು ಎಂಬುದು ಅದರ ಸಾರ. ನಾವು ವಾಚಕರಿಗೆ ಉಚ್ಚಾರದ ತರಬೇತಿ ಕೊಡುತ್ತೇವೆ. ಮೈಕ್ ಹಿಡಿಯುವುದನ್ನು ಮಾತ್ರ ಯಾರೂ ಕಲಿಸುವುದಿಲ್ಲ. ಅದು ತಾನಾಗಿ ಬರುತ್ತದೆ ಎಂದು ನಂಬಿದ್ದೇವೆ. ಮೈಕಿನವರನ್ನು ಹಬ್ಬಕ್ಕೆ ಮಾತ್ರ ಕರೆಸುವ ಸಣ್ಣ ಚರ್ಚುಗಳಲ್ಲಿ ಉಳಿದ ಐವತ್ತು ಭಾನುವಾರ ಈ ಕೆಲಸ ಯಾರದು ಎಂದೇ ಗೊತ್ತಿರುವುದಿಲ್ಲ. ಅಂಥವರನ್ನು ಮನಸ್ಸಿನಲ್ಲಿಟ್ಟು ಈ ಲೇಖನ ಬರೆದಿದ್ದೇನೆ.

ಮೈಕ್ ಅಲ್ಲ, ಪುಟ್ಟ ರೇಡಿಯೊ ನಿಲಯ

ಕಾರ್ಡ್‌ಲೆಸ್ ಮೈಕಿನಲ್ಲಿ ಎರಡು ಭಾಗಗಳಿವೆ. ಕೈಯಲ್ಲಿ ಹಿಡಿಯುವುದು ಒಂದು. ಅದರ ತಲೆಯಲ್ಲಿ ಮಾತನ್ನು ವಿದ್ಯುತ್ತಾಗಿಸುವ ಕ್ಯಾಪ್ಸೂಲ್, ಹಿಡಿಯಲ್ಲಿ ಆ ವಿದ್ಯುತ್ತನ್ನು ರೇಡಿಯೊ ಅಲೆಯಾಗಿ ಹೊರಬಿಡುವ ಟ್ರಾನ್ಸ್‌ಮಿಟರ್. ಇನ್ನೊಂದು ಭಾಗ ರಿಸೀವರ್. ಅದು ಅಲೆಯನ್ನು ಹಿಡಿದು ಮತ್ತೆ ಧ್ವನಿಯ ಸಂಕೇತವಾಗಿಸಿ ಆಂಪ್ಲಿಫೈಯರಿಗೆ ಕೊಡುತ್ತದೆ. ಎಂದರೆ ಪ್ರವಚನ ಕೊಡುವ ಗುರುಗಳು, ವಿಶ್ವಾಸಿಗಳ ಪ್ರಾರ್ಥನೆ ಓದುವ ಹುಡುಗಿ, ಎಲ್ಲರೂ ಆ ಹೊತ್ತಿಗೆ ಒಂದು ಪುಟ್ಟ ರೇಡಿಯೊ ನಿಲಯ ನಡೆಸುತ್ತಿರುತ್ತಾರೆ. ಮಾರ್ಕೋನಿಯವರು ನಿರ್ಮಿಸಿದ ವ್ಯಾಟಿಕನ್ ರೇಡಿಯೊ 1931ರಲ್ಲಿ ಆರಂಭವಾಯಿತು. 1951ರಲ್ಲಿ ಪೋಪ್ 12ನೇ ಪಿಯುಸ್ ಅವರು ಗಬ್ರಿಯೇಲ್ ಮಹಾದೂತರನ್ನು ದೂರಸಂಪರ್ಕ ಕೆಲಸದವರ ಪಾಲಕರೆಂದು ಘೋಷಿಸಿದರು. ಮೈಕ್ ನೋಡಿಕೊಳ್ಳುವ ನಮ್ಮ ಯುವಕರೂ ಆ ಸಾಲಿಗೆ ಸೇರುತ್ತಾರೆ ಎಂದು ನಾನು ತಮಾಷೆಗೆ ಹೇಳುವುದುಂಟು.

ಈ ನಿಲಯದ ಶಕ್ತಿ ಬಹಳ ಕಡಿಮೆ, ಸಾಮಾನ್ಯವಾಗಿ 10ರಿಂದ 50 ಮಿಲಿವ್ಯಾಟ್. ಡಬ್ಬಿಯ ಮೇಲೆ 50 ಮೀಟರ್, 100 ಮೀಟರ್ ಎಂದು ಬರೆದಿರುವುದು ಅಡ್ಡಿಯಿಲ್ಲದ ಬಯಲಿನ ಲೆಕ್ಕ. ಜನ ತುಂಬಿದ ಚರ್ಚಿನೊಳಗೆ ಅಷ್ಟು ಸಿಗದು. ಮನುಷ್ಯನ ದೇಹದಲ್ಲಿ ಹೆಚ್ಚಿನ ಭಾಗ ನೀರು, ನೀರು ಈ ಅಲೆಗಳನ್ನು ಹೀರುತ್ತದೆ. ಹಾಗಾಗಿ ಶನಿವಾರ ಸಂಜೆ ಖಾಲಿ ಚರ್ಚಿನಲ್ಲಿ ಪರೀಕ್ಷಿಸಿದಾಗ ಚೆನ್ನಾಗಿದ್ದ ಮೈಕ್ ಭಾನುವಾರ ಎರಡನೇ ಪೂಜೆಗೆ ಕೈಕೊಟ್ಟರೆ ಆಶ್ಚರ್ಯವಿಲ್ಲ.

ರಿಸೀವರ್ ಎಲ್ಲಿರಬೇಕು

ಕಬ್ಬಿಣದ ಕಪಾಟಿನಲ್ಲಿ ಇರಬಾರದು ಎಂಬುದು ಮೇಲಿನ ಘಟನೆಯಿಂದ ತಿಳಿಯಿತು. ಲೋಹದ ಪೆಟ್ಟಿಗೆ ರೇಡಿಯೊ ಅಲೆಗಳನ್ನು ಒಳಗೆ ಬಿಡುವುದಿಲ್ಲ. ಕಬ್ಬಿಣದ ಗ್ರಿಲ್ ಹಿಂದೆ, ಆಂಪ್ಲಿಫೈಯರಿನ ಬೆನ್ನಿಗೆ ಒತ್ತಿ, ಟ್ಯೂಬ್‌ಲೈಟಿನ ಚೋಕಿನ ಪಕ್ಕ, ಎಲ್‌ಇಡಿ ಸರಮಾಲೆಯ ಅಡಾಪ್ಟರಿನ ಬಳಿ ಇಡುವುದೂ ತಪ್ಪೇ. ಕ್ರಿಸ್ಮಸ್ ಹೊತ್ತಿಗೆ ಗೋದಲಿಯ ದೀಪಗಳು ಬಂದ ಮೇಲೆ ಮಾತ್ರ ಮೈಕಿನಲ್ಲಿ ಗೊರಗೊರ ಸದ್ದು ಬರುವ ಚರ್ಚುಗಳಿವೆ. ಅಲ್ಲಿ ಮೊದಲು ಸಂಶಯಪಡಬೇಕಾದ್ದು ಆ ದೀಪಗಳ ಅಗ್ಗದ ಅಡಾಪ್ಟರುಗಳನ್ನು.

ಮೈಕ್ ಹಿಡಿದವರು ನಿಲ್ಲುವ ಜಾಗ ರಿಸೀವರಿನ ಆಂಟೆನಾಗೆ ನೇರವಾಗಿ ಕಾಣುವಂತಿರಬೇಕು, ಇದೇ ಮುಖ್ಯ ನಿಯಮ. ಬಲಿಪೀಠದ ಬದಿಯ ಗೋಡೆಗೆ ಒಂದು ಮರದ ಹಲಗೆ ಹೊಡೆದು, ನಿಂತ ಮನುಷ್ಯನ ತಲೆಗಿಂತ ಎತ್ತರದಲ್ಲಿ ಇಟ್ಟರೆ ಅರ್ಧ ತೊಂದರೆ ಪರಿಹಾರವಾಗುತ್ತದೆ. ಮೈಕಿಗೆ ತೀರಾ ಹತ್ತಿರವೂ ಬೇಡ, ಎರಡು ಮೂರು ಮೀಟರಾದರೂ ಅಂತರವಿರಲಿ. ಕಳ್ಳರ ಭಯವಿದ್ದರೆ ಮರದ ಪೆಟ್ಟಿಗೆ ಮಾಡಿಸಿ ಬೀಗ ಹಾಕಿ. ಮರದೊಳಗಿಂದ ಅಲೆ ಹಾದುಹೋಗುತ್ತದೆ. ಗಾಳಿಯಾಡಲು ನಾಲ್ಕು ತೂತು ಸಾಕು.

ಒಳ್ಳೆಯ ರಿಸೀವರುಗಳಿಗೆ ಎರಡು ಆಂಟೆನಾಗಳಿರುತ್ತವೆ. ಅವು ಚಂದಕ್ಕೆ ಇರುವುದಲ್ಲ. ಮೈಕಿನಿಂದ ಹೊರಟ ಅಲೆ ನೇರವಾಗಿಯೂ ಬರುತ್ತದೆ, ಗೋಡೆ, ತಗಡಿನ ಮಾಡು, ಕಬ್ಬಿಣದ ಕಂಬಕ್ಕೆ ಬಡಿದು ತಿರುಗಿಯೂ ಬರುತ್ತದೆ. ಕೆಲವು ಜಾಗಗಳಲ್ಲಿ ಈ ಎರಡು ಅಲೆಗಳು ಒಂದನ್ನೊಂದು ಹೊಡೆದುಹಾಕಿ ಧ್ವನಿ ಮಾಯವಾಗುತ್ತದೆ. 600 ಮೆಗಾಹರ್ಟ್ಸ್‌ನ ಅಲೆಯ ಉದ್ದ ಸುಮಾರು 50 ಸೆಂಟಿಮೀಟರ್. ಹಾಗಾಗಿ ಒಂದು ಹೆಜ್ಜೆ ಆಚೀಚೆಯಾದರೂ ಪರಿಸ್ಥಿತಿ ಬದಲಾಗುತ್ತದೆ. ಒಂದು ಆಂಟೆನಾಗೆ ಅಲೆ ಸಿಗದ ಕ್ಷಣದಲ್ಲಿ ಇನ್ನೊಂದಕ್ಕೆ ಸಿಗಲಿ ಎಂದು ಎರಡು ಇಟ್ಟಿರುತ್ತಾರೆ, ಇದನ್ನೇ ಡೈವರ್ಸಿಟಿ ಎನ್ನುವುದು. ಇವೆರಡನ್ನೂ ಜೋಡಿಸಿ ಒಂದೇ ದಿಕ್ಕಿಗೆ ಮಡಚಿಟ್ಟರೆ ಕೊಟ್ಟ ಹಣ ವ್ಯರ್ಥ. ಇಂಗ್ಲಿಷಿನ ವಿ ಅಕ್ಷರದಂತೆ ಓರೆಯಾಗಿ ಬಿಡಿಸಿಡಿ. ಆಂಟೆನಾ ಒಂದೇ ಇರುವ ಸೆಟ್ಟಾದರೆ, ಸದ್ದು ತುಂಡಾಗುವ ಜಾಗವನ್ನು ಮೊದಲೇ ನಡೆದು ನೋಡಿ ಗುರುತಿಸಿಕೊಳ್ಳಬೇಕು. ಒಬ್ಬರು ಮೈಕಿನಲ್ಲಿ ಕೀರ್ತನೆಯೊಂದನ್ನು ಓದುತ್ತಾ ಚರ್ಚಿಡೀ ನಡೆಯಲಿ, ಇನ್ನೊಬ್ಬರು ಕಾಗದದಲ್ಲಿ ಬರೆದುಕೊಳ್ಳಲಿ. ವರ್ಷಕ್ಕೊಮ್ಮೆ ಮಾಡಿದರೆ ಸಾಕು.

ಯಾವ ಫ್ರೀಕ್ವೆನ್ಸಿ?

ಒಂದೇ ಫ್ರೀಕ್ವೆನ್ಸಿಯಲ್ಲಿ ಎರಡು ಮೈಕ್ ಏಕಕಾಲಕ್ಕೆ ನಡೆಯುವುದಿಲ್ಲ. ಹತ್ತಿರದ್ದು ಗೆಲ್ಲುತ್ತದೆ, ಇಲ್ಲವೇ ಎರಡೂ ಕೆಡುತ್ತವೆ. ಮೂರು ಮೈಕ್ ಇರುವಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅವುಗಳ ಫ್ರೀಕ್ವೆನ್ಸಿಗಳನ್ನು ಸಮಾನ ಅಂತರದಲ್ಲಿ ಇಡಬಾರದು. ಉದಾಹರಣೆಗೆ 600, 601, 602 ಎಂದು ಇಟ್ಟೆವೆನ್ನಿ. 601ರ ಎರಡು ಪಟ್ಟು 1202. ಅದರಿಂದ 600 ಕಳೆದರೆ 602. ಮೊದಲ ಎರಡು ಮೈಕುಗಳು ಸೇರಿ ಮೂರನೆಯದರ ಜಾಗದಲ್ಲೇ ಒಂದು ಕಳ್ಳ ಅಲೆಯನ್ನು ಹುಟ್ಟಿಸುತ್ತವೆ. ಗಾಯನ ಮಂಡಳಿಯವರು ತಮ್ಮ ಎರಡು ಮೈಕ್ ಆನ್ ಮಾಡಿದೊಡನೆ ವಾಚಕರ ಮೈಕ್ ಕೆಡುವುದಕ್ಕೆ ಇದೂ ಒಂದು ಕಾರಣ. ಒಂದೇ ಕಂಪನಿಯ ಸೆಟ್‌ಗಳಲ್ಲಿ ಗ್ರೂಪ್, ಚಾನೆಲ್ ಎಂದು ಇರುವುದು ಈ ಲೆಕ್ಕವನ್ನು ಅವರೇ ಮಾಡಿಟ್ಟದ್ದು. ಎಲ್ಲ ಮೈಕುಗಳೂ ಒಂದೇ ಗ್ರೂಪಿನಲ್ಲಿ, ಬೇರೆ ಬೇರೆ ಚಾನೆಲ್‌ನಲ್ಲಿ ಇರಲಿ.

ಹೊಸ ರಿಸೀವರುಗಳಲ್ಲಿ ಸ್ಕ್ಯಾನ್ ಗುಂಡಿ ಇರುತ್ತದೆ. ಎಲ್ಲ ಮೈಕುಗಳನ್ನು ಆಫ್ ಮಾಡಿ ಅದನ್ನು ಒತ್ತಿದರೆ ಖಾಲಿ ಚಾನೆಲ್ ಹುಡುಕಿಕೊಡುತ್ತದೆ. ಬಳಿಕ ಮೈಕನ್ನು ರಿಸೀವರಿನ ಕೆಂಪು ಗಾಜಿನ ಕಿಂಡಿಗೆ ಹತ್ತಿರ ಹಿಡಿದು ಸಿಂಕ್ ಒತ್ತಿದರೆ ಎರಡೂ ಹೊಂದಿಕೊಳ್ಳುತ್ತವೆ. ಎರಡು ಸೆಟ್ ಇದ್ದಲ್ಲಿ ಒಂದರ ಮೈಕನ್ನು ಇನ್ನೊಂದರ ರಿಸೀವರಿಗೆ ಹಿಡಿದು ತಲೆಕೆಡಿಸಿಕೊಂಡವರನ್ನು ಕಂಡಿದ್ದೇನೆ. ಮೈಕಿಗೂ ರಿಸೀವರಿಗೂ ಒಂದೇ ಬಣ್ಣದ ಟೇಪ್ ಸುತ್ತಿ.

ಕಾನೂನಿನ ಮಾತೂ ಇದೆ. ಭಾರತದಲ್ಲಿ ಕಡಿಮೆ ಶಕ್ತಿಯ ಉಪಕರಣಗಳಿಗೆ 865ರಿಂದ 867 ಮೆಗಾಹರ್ಟ್ಸ್ ವಲಯವನ್ನು 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಲಾಯಿತು, 2021ರಲ್ಲಿ ಅದು 868ರವರೆಗೆ ವಿಸ್ತಾರವಾಯಿತು. 2.4 ಗಿಗಾಹರ್ಟ್ಸ್ ಕೂಡ ಮುಕ್ತ. ಆದರೆ ವೈಫೈ, ಬ್ಲೂಟೂತ್ ಎಲ್ಲವೂ ಅಲ್ಲೇ ಇರುವುದರಿಂದ ಐನೂರು ಮೊಬೈಲ್ ಸೇರಿದ ಜಾಗದಲ್ಲಿ ಆ ಮೈಕುಗಳು ತಡವರಿಸುವುದುಂಟು. 703ರಿಂದ 748 ಹಾಗೂ 758ರಿಂದ 803 ಮೆಗಾಹರ್ಟ್ಸ್ ಮೊಬೈಲ್ ಸೇವೆಯ ವಲಯ. 2022ರ ಹರಾಜಿನಲ್ಲಿ ಜಿಯೊ ಸಂಸ್ಥೆ ಈ 700ರ ಬ್ಯಾಂಡಿನಲ್ಲಿ ಜಾಗ ಪಡೆಯಿತು. ಅದಕ್ಕೂ ಮೊದಲು ಕೊಂಡ ಸೆಟ್ಟು ಈ ವಲಯದಲ್ಲಿದ್ದು, "ಮೊದಲು ಚೆನ್ನಾಗಿತ್ತು ಫಾದರ್, ಈಗ ಯಾಕೋ ಗೊತ್ತಿಲ್ಲ" ಎನ್ನುವ ಸ್ಥಿತಿ ಇದ್ದರೆ ಇದೇ ಕಾರಣವಾಗಿರಬಹುದು. ಮೈಕಿನ ಹಿಡಿಯ ಮೇಲೆ, ಕೆಲವೊಮ್ಮೆ ಸೆಲ್ ಹಾಕುವ ಜಾಗದಲ್ಲಿ ಫ್ರೀಕ್ವೆನ್ಸಿ ಮುದ್ರಿಸಿರುತ್ತದೆ, ಓದಿ ನೋಡಿ.

ವಿದೇಶದಲ್ಲಿರುವ ನಮ್ಮವರು ಪ್ರೀತಿಯಿಂದ ಊರ ಚರ್ಚಿಗೆ ಮೈಕ್ ಕಳುಹಿಸುತ್ತಾರೆ. ಅವರಿಗೆ ವಂದನೆಗಳು. ಆದರೆ ಕಳುಹಿಸುವ ಮುನ್ನ ಒಂದು ಮಾತು ಕೇಳಲಿ. ಯುರೋಪಿನಲ್ಲಿ ಪರವಾನಗಿ ಬೇಡದ 863ರಿಂದ 865ರ ವಲಯ ನಮ್ಮ ಮುಕ್ತ ವಲಯದ ಪಕ್ಕದ್ದು, ಅದೇ ಅಲ್ಲ. ಅಮೆರಿಕದಲ್ಲಿ 700ರ ಬ್ಯಾಂಡಿನ ಮೈಕುಗಳನ್ನು 2010ರ ಜೂನ್ 12ರಿಂದ, 600ರ ಬ್ಯಾಂಡಿನ ಬಹುಪಾಲನ್ನು 2020ರ ಜುಲೈ 13ರಿಂದ ನಿಷೇಧಿಸಲಾಗಿದೆ. ಹಾಗಾಗಿ ಅಲ್ಲಿ ಅಗ್ಗಕ್ಕೆ ಸಿಗುವ ಹಳೆಯ ಸೆಟ್ಟುಗಳ ಬಗ್ಗೆ ಎಚ್ಚರ ಬೇಕು. ಅಡಾಪ್ಟರನ್ನೂ ನೋಡಿ. ಅಮೆರಿಕದ 120 ವೋಲ್ಟಿನದ್ದನ್ನು ನಮ್ಮ 230 ವೋಲ್ಟಿಗೆ ಸಿಕ್ಕಿಸಿದರೆ ಹೊಗೆ ಬರುತ್ತದೆ.

ಜೋಡಣೆ

ರಿಸೀವರಿನ ಹಿಂದೆ ಎರಡು ಬಗೆಯ ಕಿಂಡಿ ಇರುತ್ತವೆ: ಮೂರು ಕಾಲಿನ ಎಕ್ಸ್‌ಎಲ್‌ಆರ್, ಮತ್ತು ಅಂಗಡಿಯವರು ಪಿ-38 ಎನ್ನುವ ದಪ್ಪ ಜ್ಯಾಕಿನದು. ವೈರ್ ಉದ್ದವಿದ್ದರೆ ಎಕ್ಸ್‌ಎಲ್‌ಆರ್ ಒಳ್ಳೆಯದು, ಗುಂಯ್ ಎನ್ನುವ ಸದ್ದು ಕಡಿಮೆ. ರಿಸೀವರಿನ ಹೊರಡಿಕೆ ಮೈಕ್ ಮಟ್ಟದಲ್ಲಿದ್ದರೆ ಆಂಪ್ಲಿಫೈಯರಿನ ಮೈಕ್ ಕಿಂಡಿಗೆ, ಲೈನ್ ಮಟ್ಟದಲ್ಲಿದ್ದರೆ ಲೈನ್ ಅಥವಾ ಆಕ್ಸ್ ಕಿಂಡಿಗೆ. ಇದನ್ನು ಅದಲುಬದಲು ಮಾಡಿದರೆ ಧ್ವನಿ ಒಡೆದು ಬರುತ್ತದೆ, ಇಲ್ಲವೇ ಕೇಳುವುದೇ ಇಲ್ಲ.

ರಿಸೀವರಿನ ವಾಲ್ಯೂಮನ್ನು ಮುಕ್ಕಾಲಿಗೆ ಇಟ್ಟು ಅಲ್ಲಿಯೇ ಬಿಡಿ. ಹೆಚ್ಚು ಕಡಿಮೆ ಮಾಡುವುದು ಆಂಪ್ಲಿಫೈಯರಿನಲ್ಲೇ ನಡೆಯಲಿ. ಮೈಕಿನಲ್ಲಿ ಗೇನ್ ಎಂಬ ಸಣ್ಣ ತಿರುಪು ಅಥವಾ ಮೆನು ಇದ್ದರೆ, ಗಟ್ಟಿ ಧ್ವನಿಯವರು ಮಾತಾಡುವಾಗ ರಿಸೀವರಿನ ಕೆಂಪು ದೀಪ ಆಗೊಮ್ಮೆ ಈಗೊಮ್ಮೆ ಮಿನುಗುವಷ್ಟು ಮಾತ್ರ ಇಡಬೇಕು. ಸ್ಕ್ವೆಲ್ಚ್ ಎಂಬ ತಿರುಪು ಕೆಲವು ಸೆಟ್‌ಗಳಲ್ಲಿದೆ. ಮೈಕ್ ಆಫ್ ಇದ್ದಾಗ ಸುಂಯ್ ಸದ್ದು ನಿಲ್ಲುವವರೆಗೆ ಮಾತ್ರ ಅದನ್ನು ತಿರುಗಿಸಿ. ಪೂರ್ತಿ ತಿರುಗಿಸಿದರೆ ಸದ್ದಿನ ಜೊತೆಗೆ ದೂರದ ಮೈಕೂ ಬಂದ್ ಆಗುತ್ತದೆ.

ಆನ್ ಮಾಡುವ ಕ್ರಮ: ಆಂಪ್ಲಿಫೈಯರಿನ ಆ ಚಾನೆಲನ್ನು ಸೊನ್ನೆಗಿಳಿಸಿ, ಮೈಕ್ ಆನ್, ಬಳಿಕ ರಿಸೀವರ್ ಆನ್, ಕೊನೆಗೆ ನಿಧಾನವಾಗಿ ವಾಲ್ಯೂಮ್ ಏರಿಸಿ. ಆಫ್ ಮಾಡುವಾಗ ಮೊದಲು ಆಂಪ್ಲಿಫೈಯರ್ ಇಳಿಸಿ. ಮೈಕನ್ನು ಮೊದಲು ಆಫ್ ಮಾಡಿದರೆ ರಿಸೀವರ್ ಬೇರೆ ಯಾವುದೋ ಸದ್ದನ್ನು ಹಿಡಿದು ಚರ್ಚಿಡೀ ಢಂ ಎನಿಸಬಹುದು. ನಮ್ಮಲ್ಲಿ ಕರೆಂಟ್ ಹೋಗುವುದು ಹೊಸತೇನಲ್ಲ. ಜನರೇಟರ್ ಶುರುವಾಗುವ ಅರೆನಿಮಿಷದಲ್ಲಿ ರಿಸೀವರ್ ಆಫ್ ಆಗಿ ಆನ್ ಆಗುತ್ತದೆ, ಕೆಲವು ಸೆಟ್‌ಗಳು ಹಿಂದಿನ ಚಾನೆಲನ್ನು ಮರೆಯುತ್ತವೆ ಕೂಡ. ಕಂಪ್ಯೂಟರಿನ ಸಣ್ಣ ಯುಪಿಎಸ್ ಒಂದಕ್ಕೆ ರಿಸೀವರನ್ನೂ ಮಿಕ್ಸರನ್ನೂ ಜೋಡಿಸಿದರೆ ಈ ಕಾಟವಿಲ್ಲ.

ಸೆಲ್‌ಗಳ ವಿಷಯ

ಹೆಚ್ಚಿನ ಸೆಟ್‌ಗಳಿಗೆ ಎರಡು ಪೆನ್‌ಸೆಲ್ ಬೇಕು, ಹಳೆಯವುಗಳಿಗೆ 9 ವೋಲ್ಟಿನ ಚೌಕ ಬ್ಯಾಟರಿ. ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ಮೈಕಿಗೆ ಸಾಲದು. ಆಲ್ಕಲೈನ್ ಎಂದು ಬರೆದಿರುವುದನ್ನೇ ಕೊಳ್ಳಿ. ಚಾರ್ಜ್ ಮಾಡುವ ಸೆಲ್ 1.2 ವೋಲ್ಟಿನದು, ಆಲ್ಕಲೈನ್ 1.5. ಹಾಗಾಗಿ ಚಾರ್ಜಿನ ಸೆಲ್ ತುಂಬಿದ್ದರೂ ಕೆಲವು ಮೈಕುಗಳ ಪರದೆ ಅರ್ಧ ಖಾಲಿ ಎಂದು ತೋರಿಸುತ್ತದೆ. ಎರಡು ಸೆಲ್‌ಗಳೂ ಒಂದೇ ಕಂಪನಿಯವು, ಒಂದೇ ದಿನ ಹಾಕಿದವು ಆಗಿರಬೇಕು. ಹಳೆಯದರ ಜೊತೆ ಹೊಸದು ಹಾಕಿದರೆ ಜೋಡಿ ಹಳೆಯದರಷ್ಟೇ ಬಾಳುತ್ತದೆ, ಹಳೆಯದು ಸೋರುವ ಅಪಾಯವೂ ಇದೆ.

ಮದುವೆ, ಅಂತ್ಯಕ್ರಿಯೆ, ಪ್ರಥಮ ಪರಮಪ್ರಸಾದ, ವಾರ್ಷಿಕ ಹಬ್ಬ ಇಂಥ ದಿನಗಳಂದು ಪೂಜೆಗೆ ಮುನ್ನ ಹೊಸ ಜೋಡಿ ಹಾಕಿ. ತೆಗೆದದ್ದು ವ್ಯರ್ಥವಲ್ಲ, ಗುರುನಿವಾಸದ ಗಡಿಯಾರಕ್ಕೂ ಟಿವಿ ರಿಮೋಟಿಗೂ ಇನ್ನೂ ಆರು ತಿಂಗಳು ಬರುತ್ತದೆ. ಸೆಲ್ಲಿನ ಖರ್ಚು ಹೆಚ್ಚಾಯಿತು ಎಂದು ಪಾಲನಾ ಮಂಡಳಿಯಲ್ಲಿ ಯಾರಾದರೂ ಕೇಳಿದರೆ, ಹೂವಿನ ಖರ್ಚಿನ ಜೊತೆ ಹೋಲಿಸಿ ನೋಡಲು ಹೇಳಿ.

ಕೈಯಲ್ಲಿ ಹಿಡಿಯುವುದು

ಈ ಭಾಗವನ್ನು ವಾಚಕರು ಓದಲೇಬೇಕು.

ಮೈಕನ್ನು ಹಿಡಿಯ ನಡುಭಾಗದಲ್ಲಿ ಹಿಡಿಯಿರಿ. ತಲೆಯ ಜಾಲರಿಯನ್ನು ಅಂಗೈಯಿಂದ ಮುಚ್ಚಬೇಡಿ. ಟಿವಿಯಲ್ಲಿ ಹಾಡುಗಾರರು ಹಾಗೆ ಹಿಡಿಯುವುದನ್ನು ನೋಡಿ ನಮ್ಮ ಮಕ್ಕಳೂ ಹಿಡಿಯುತ್ತಾರೆ. ಇಂಥ ಮೈಕುಗಳ ಕ್ಯಾಪ್ಸೂಲಿಗೆ ಹಿಂಬದಿಯಲ್ಲೂ ಸಣ್ಣ ಕಿಂಡಿಗಳಿರುತ್ತವೆ. ಹಿಂದಿನಿಂದ ಬಂದ ಸದ್ದು ಎರಡೂ ಕಡೆಯಿಂದ ಒಳಹೊಕ್ಕು ತನ್ನನ್ನು ತಾನೇ ಅಳಿಸಿಕೊಳ್ಳುವಂತೆ ಅದನ್ನು ರಚಿಸಿರುತ್ತಾರೆ. ಎದುರಿನ ಮಾತು ಕೇಳುವುದು, ಹಿಂದಿನ ಬಾಕ್ಸಿನ ಸದ್ದು ಕೇಳದಿರುವುದು ಇದರಿಂದಲೇ. ಕೈಯಿಂದ ಆ ಕಿಂಡಿಗಳನ್ನು ಮುಚ್ಚಿದೊಡನೆ ಮೈಕ್ ಎಲ್ಲ ಕಡೆಯ ಸದ್ದನ್ನೂ ಹಿಡಿಯಲು ಶುರುಮಾಡುತ್ತದೆ, ಕೂಯ್ ಎಂದು ಕಿರುಚುತ್ತದೆ. ಕಿರುಚಿತೆಂದು ಹೆದರಿ ಇನ್ನೂ ಗಟ್ಟಿಯಾಗಿ ಮುಚ್ಚುವುದು ನಮ್ಮ ಸಹಜ ಗುಣ. ಕೈ ತೆಗೆದರೆ ಕಿರುಚಾಟ ನಿಲ್ಲುತ್ತದೆ.

ಕೆಳತುದಿಯನ್ನೂ ಮುಚ್ಚಬೇಡಿ. ಹೆಚ್ಚಿನ ಮೈಕುಗಳ ಆಂಟೆನಾ ಅಲ್ಲಿರುತ್ತದೆ.

ಬಾಯಿಯಿಂದ ನಾಲ್ಕು ಬೆರಳಿನಷ್ಟು ದೂರ, ಗಲ್ಲದ ಕಡೆಗೆ ಸ್ವಲ್ಪ ಕೆಳಗೆ, ತುದಿ ಬಾಯಿಯತ್ತ. ಈ ದೂರ ಎರಡು ಪಟ್ಟಾದರೆ ಮೈಕಿಗೆ ತಲಪುವ ಧ್ವನಿಯ ಒತ್ತಡ ಅರ್ಧಕ್ಕಿಳಿಯುತ್ತದೆ. ತಲೆ ತಗ್ಗಿಸಿ ಓದುವಾಗ ಒಂದು ದೂರ, ಜನರತ್ತ ನೋಡಿದಾಗ ಇನ್ನೊಂದು ದೂರವಾದರೆ ವಾಕ್ಯದ ಅರ್ಧ ಕೇಳಿ ಅರ್ಧ ಕೇಳದೆ ಹೋಗುತ್ತದೆ. ಮುಖ ತಿರುಗಿದಾಗ ಮೈಕ್ ಹಿಡಿದ ಕೈಯೂ ತಿರುಗಬೇಕು. ಮೊಣಕೈಯನ್ನು ಪಕ್ಕೆಗೆ ತಾಗಿಸಿ ಹಿಡಿದರೆ ಕೈ ನಡುಗುವುದಿಲ್ಲ, ದೂರವೂ ಬದಲಾಗುವುದಿಲ್ಲ. ತುಟಿಗೆ ಅಂಟಿಸಿಕೊಂಡರೂ ತಪ್ಪು. ತೀರಾ ಹತ್ತಿರವಾದಾಗ ಇಂಥ ಮೈಕುಗಳು ಧ್ವನಿಯ ಮಂದ್ರ ಭಾಗವನ್ನು ಹಿಗ್ಗಿಸುತ್ತವೆ, ಮಾತು ಮಡಕೆಯೊಳಗಿಂದ ಬಂದಂತೆ ಕೇಳುತ್ತದೆ. ಕೆಲವು ಗುರುಗಳಿಗೆ ಆ ಗಂಭೀರ ಧ್ವನಿ ಇಷ್ಟ. ಹಿಂದೆ ಕುಳಿತವರಿಗೆ ಪದ ತಿಳಿಯುವುದಿಲ್ಲ.

ನಮ್ಮ ಪ್ರಾರ್ಥನೆಗಳಲ್ಲಿ ಪ-ಕಾರಕ್ಕೆ ಬಡತನವಿಲ್ಲ: ಪಿತ, ಪುತ್ರ, ಪವಿತ್ರಾತ್ಮ, ಪ್ರಭು, ಪಾಪ, ಪರಲೋಕ. ಪ, ಫ, ಬ, ಭ ಹೇಳುವಾಗ ಬಾಯಿಂದ ಗಾಳಿ ಹೊಮ್ಮಿ ಮೈಕಿಗೆ ಬಡಿದು ಢಬ್ ಎನ್ನುತ್ತದೆ. ಶಿಲುಬೆಯ ಗುರುತಿನಲ್ಲೇ ಮೂರು ಸಲ ಢಬ್. ಮೈಕನ್ನು ಬಾಯಿಯ ನೇರಕ್ಕೆ ಹಿಡಿಯದೆ ತುಸು ಓರೆಗೆ ಹಿಡಿದರೆ ಗಾಳಿ ಪಕ್ಕದಿಂದ ಹಾದುಹೋಗುತ್ತದೆ. ಸ್ಪಂಜಿನ ಟೋಪಿ ಹಾಕಿದರೂ ಆದೀತು.

ಆನ್ ಇದೆಯೋ ಎಂದು ತಿಳಿಯಲು ಮೈಕನ್ನು ಬೆರಳಿನಿಂದ ತಟ್ಟುವುದು, ಫೂ ಎಂದು ಊದುವುದು ಬೇಡ. "ಪ್ರಿಯ ಸಹೋದರ ಸಹೋದರಿಯರೇ" ಎಂದರೆ ಸಾಕು, ಗೊತ್ತಾಗುತ್ತದೆ.

ನಮ್ಮ ಹಳೆಯ ಚರ್ಚುಗಳು ಎತ್ತರದ ಮಾಡಿನವು, ಉದ್ದನೆಯವು. ಧ್ವನಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. 34 ಮೀಟರ್ ದೂರದ ಬಾಗಿಲ ಬಳಿಗೆ ಮುಂದಿನ ಬಾಕ್ಸಿನ ಸದ್ದು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ಬಂದು, ಹತ್ತಿರದ ಬಾಕ್ಸಿನ ಸದ್ದಿನ ಮೇಲೆ ಬೀಳುತ್ತದೆ. ಅಂಥಲ್ಲಿ ವಾಲ್ಯೂಮ್ ಏರಿಸಿದರೆ ಗದ್ದಲ ಹೆಚ್ಚುತ್ತದೆ ಅಷ್ಟೇ. ನಿಧಾನವಾಗಿ, ವಾಕ್ಯದ ಕೊನೆಯ ಪದ ನುಂಗದೆ ಓದಬೇಕು. ಎಕೋ ಎಂಬ ತಿರುಪನ್ನು ವಾಚನದ ಹೊತ್ತಿಗೆ ಸೊನ್ನೆಯಲ್ಲಿಡಿ.

ಕಿರುಚಾಟ

ಬಾಕ್ಸಿನ ಸದ್ದು ಮೈಕಿಗೆ ಹೋಗಿ, ಮತ್ತೆ ಬಾಕ್ಸಿನಿಂದ ಬಂದು, ಸುತ್ತು ಹಾಕುವುದೇ ಕಿರುಚಾಟ. ವೈರಿನ ಮೈಕ್ ಒಂದೇ ಕಡೆ ಇರುತ್ತದೆ. ಕಾರ್ಡ್‌ಲೆಸ್ ನಡೆದಾಡುತ್ತದೆ, ಹಾಗಾಗಿ ಅಪಾಯ ಹೆಚ್ಚು. ಮಕ್ಕಳ ಪೂಜೆಯಲ್ಲಿ ಗುರುಗಳು ಕೆಳಗಿಳಿದು ಬೆಂಚುಗಳ ನಡುವೆ ಬಂದಾಗ ಕಂಬದ ಬಾಕ್ಸುಗಳ ಎದುರಿಗೇ ಹಾದುಹೋಗಬೇಕಾಗುತ್ತದೆ. ಆಗ ಆಂಪ್ಲಿಫೈಯರ್ ಬಳಿ ಇರುವವರು ಎರಡು ಗೆರೆ ಇಳಿಸಬೇಕು, ಗುರುಗಳು ಮೈಕನ್ನು ಇನ್ನೂ ಹತ್ತಿರ ಹಿಡಿಯಬೇಕು. ಮಾತು ಮುಗಿಸಿ ಮೈಕನ್ನು ಸೊಂಟದ ಪಕ್ಕಕ್ಕೆ ಇಳಿಬಿಟ್ಟಾಗ ಅದರ ತಲೆ ಬಾಕ್ಸಿನತ್ತ ತಿರುಗದಿರಲಿ.

ಬಳಸದ ಮೈಕ್ ತೆರೆದಿಡುವುದೂ ಕಾರಣವಾಗುತ್ತದೆ. ತೆರೆದ ಮೈಕುಗಳ ಸಂಖ್ಯೆ ಎರಡು ಪಟ್ಟಾದಾಗಲೆಲ್ಲ, ಕಿರುಚದೆ ಏರಿಸಬಹುದಾದ ವಾಲ್ಯೂಮ್ 3 ಡೆಸಿಬೆಲ್ ಕಡಿಮೆಯಾಗುತ್ತದೆ. ಹಾಡು ಮುಗಿದೊಡನೆ ಗಾಯನ ಮಂಡಳಿಯ ಮೈಕುಗಳನ್ನು ಮುಚ್ಚುವ ಅಭ್ಯಾಸವಾದರೆ ವಾಚಕರ ಧ್ವನಿ ತಾನಾಗಿ ಚೊಕ್ಕವಾಗುತ್ತದೆ. ಪುಟ ತಿರುವುವ ಸದ್ದು, ಪಿಸುಮಾತು ಕೇಳುವುದೂ ತಪ್ಪುತ್ತದೆ.

ಸ್ವಿಚ್ಚಿನ ಬಗ್ಗೆ ಗುರುಗಳಿಗೆ ಒಂದು ಮಾತು

ಆನ್ ಆಗಿರುವ ಮೈಕನ್ನು ಹಿಡಿದುಕೊಂಡೇ ಸಾಕ್ರಿಸ್ತಿಗೆ ಹೋಗಿ, ಕಾಣಿಕೆ ಎಷ್ಟಾಯಿತೆಂದು ವಿಚಾರಿಸಿದ ಕಥೆಗಳನ್ನು ಕೇಳಿ ನಾವು ನಗುತ್ತೇವೆ. ನಗುವ ವಿಷಯವಲ್ಲದ್ದು ಇನ್ನೊಂದಿದೆ. ಪೂಜೆ ಮುಗಿಯುತ್ತಲೇ ಯಾರೋ ಪಾಪನಿವೇದನೆಗೆ ಬರುತ್ತಾರೆ, ಗುರುಗಳು ಮೈಕ್ ಕೈಯಲ್ಲೋ ಜೇಬಿನಲ್ಲೋ ಇರುವಂತೆಯೇ ಕುಳಿತುಕೊಳ್ಳುತ್ತಾರೆ. ಆಂಪ್ಲಿಫೈಯರ್ ಆಫ್ ಆಗಿದೆ ಎಂಬ ಧೈರ್ಯ ಸಾಲದು. ಸಾಮಾನ್ಯ ಅನಲಾಗ್ ಮೈಕಿನ ಮಾತಿಗೆ ಗೂಢಲಿಪಿಯ ರಕ್ಷಣೆ ಇಲ್ಲ. ಅದೇ ಫ್ರೀಕ್ವೆನ್ಸಿಯ ಇನ್ನೊಂದು ರಿಸೀವರ್ ಹತ್ತಿರದಲ್ಲೆಲ್ಲಾದರೂ ಇದ್ದರೆ ಅಲ್ಲಿ ಕೇಳುತ್ತದೆ. 2020ರ ನಂತರ ಅನೇಕ ಚರ್ಚುಗಳಲ್ಲಿ ನೇರ ಪ್ರಸಾರ ಶುರುವಾಗಿದೆ. ಮಿಕ್ಸರಿನಿಂದ ನೇರವಾಗಿ ಪ್ರಸಾರಕ್ಕೆ ಹೋಗುವ ಧ್ವನಿ ಚರ್ಚಿನ ಬಾಕ್ಸ್ ಬಂದ್ ಆಗಿದ್ದರೂ ಹೋಗುತ್ತಲೇ ಇರುತ್ತದೆ. ಪಾಪನಿವೇದನೆಯ ಪೀಠಕ್ಕೆ, ರೋಗಿಗಳ ಬಳಿಗೆ, ಕುಟುಂಬದ ಸಮಸ್ಯೆ ಹೇಳಲು ಬಂದವರ ಮುಂದೆ ಮೈಕ್ ಒಯ್ಯಬೇಡಿ. ಮ್ಯೂಟ್ ಒತ್ತಿದರೆ ಸಾಲದು, ಪೂರ್ತಿ ಆಫ್ ಮಾಡಿ ಮೇಜಿನ ಮೇಲಿಟ್ಟು ಹೋಗಿ. ಅಂಗಿಗೆ ಸಿಕ್ಕಿಸುವ ಕಾಲರ್ ಮೈಕಿಗೂ ಇದೇ ನಿಯಮ, ಅದನ್ನು ಮರೆಯುವುದು ಇನ್ನೂ ಸುಲಭ.

ಪೂಜೆಯ ನಡುವೆ ಮಾತ್ರ ಮ್ಯೂಟ್ ಸ್ವಿಚ್ ಬಳಸಿ, ಪವರ್ ಸ್ವಿಚ್ ಬೇಡ. ಪವರ್ ಆಫ್ ಮಾಡಿ ಮತ್ತೆ ಆನ್ ಮಾಡುವಾಗ ರಿಸೀವರ್ ಹುಡುಕಿಕೊಳ್ಳಲು ಒಂದೆರಡು ಕ್ಷಣ ಬೇಕು. ವಾಚಕರ ಮೊದಲ ಪದಗಳು ಅಷ್ಟರಲ್ಲಿ ಹೋಗಿರುತ್ತವೆ.

ಚರ್ಚಿನ ಹೊರಗೆ

ಗರಿಗಳ ಭಾನುವಾರ, ಪಾಸ್ಕ ಜಾಗರಣೆ, ಮೊಂತಿ ಹಬ್ಬ, ಪರಮಪ್ರಸಾದದ ಮೆರವಣಿಗೆ, ಈ ನಾಲ್ಕರಲ್ಲೂ ಮೈಕ್ ಹೊರಗಿರುತ್ತದೆ. ಪಾಸ್ಕ ಜಾಗರಣೆ ಎಲ್ಲಕ್ಕಿಂತ ಕಷ್ಟದ್ದು. ಹೊರಗೆ ಬೆಂಕಿಯ ಆಶೀರ್ವಾದ, ದೀಪವೆಲ್ಲ ಆರಿದೆ, ಗುರುಗಳ ಸುತ್ತ ನೂರಾರು ಜನ, ರಿಸೀವರ್ ಒಳಗೆ ಬಲಿಪೀಠದ ಬದಿಯಲ್ಲಿ, ನಡುವೆ ಕಲ್ಲಿನ ಗೋಡೆ. ಹೊರಗಿನ ಭಾಗಕ್ಕೆ ಟ್ರಾಲಿ ಸ್ಪೀಕರ್ ಮತ್ತು ಅದರದೇ ಮೈಕ್ ಇರಲಿ. ಮೆರವಣಿಗೆ ಬಾಗಿಲು ದಾಟಿದ ಮೇಲೆ ಚರ್ಚಿನ ಮೈಕನ್ನು ಗುರುಗಳ ಕೈಗೆ ಕೊಡಲು ಒಬ್ಬರನ್ನು ನೇಮಿಸಿ. ಕತ್ತಲಲ್ಲಿ ಸ್ವಿಚ್ ತಡಕಾಡುವಂತಾಗದಿರಲು ಕೊಡುವವರೇ ಆನ್ ಮಾಡಿ ಕೊಡಲಿ. ಗುರುವಾರ ಇದನ್ನು ಒಮ್ಮೆ ಅಭ್ಯಾಸ ಮಾಡಿ, ಶನಿವಾರ ಸಂಜೆಗೆ ಸಮಯವಿರುವುದಿಲ್ಲ.

ಮೊಂತಿ ಹಬ್ಬಕ್ಕೆ ಸೆಪ್ಟೆಂಬರ್ 8ರಂದು ಗ್ರೊಟ್ಟೊ ಬಳಿ ತೆನೆಯ ಆಶೀರ್ವಾದ ನಡೆಯುವಾಗ ಮಳೆ ಇನ್ನೂ ಬಿಟ್ಟಿರುವುದಿಲ್ಲ. ಕೊಡೆಯ ಕಡ್ಡಿಗಳು ಲೋಹದ್ದು, ಒದ್ದೆ ಬಟ್ಟೆಯೂ ಅಲೆಯನ್ನು ತಡೆಯುತ್ತದೆ. ರಿಸೀವರನ್ನು ಅಲ್ಲಿಗೇ ಒಯ್ದು ಎತ್ತರದಲ್ಲಿಟ್ಟು, ಅಲ್ಲಿಂದ ವೈರ್ ಎಳೆಯುವುದು ಉತ್ತಮ. ಅಲೆಗಿಂತ ವೈರಿಗೆ ನಂಬಿಕೆ ಹೆಚ್ಚು.

ಹೊರಗಿನ ಧ್ವನಿಗೆ ಕಾನೂನಿನ ಮಿತಿಯಿದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹೊರಗೆ ಬಳಸುವಂತಿಲ್ಲ. ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರ್ ನಿಶ್ಶಬ್ದ ವಲಯವಾಗಬಹುದು. ಹಬ್ಬಗಳಿಗೆ ರಾಜ್ಯ ಸರಕಾರ ವರ್ಷದಲ್ಲಿ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ಸಡಿಲಿಕೆ ಕೊಡಬಹುದು. ಆದರೆ ಅದು ತಾನಾಗಿ ಸಿಗುವುದಲ್ಲ. ಜಾಗರಣೆ ರಾತ್ರಿ 10 ದಾಟುವುದಿದ್ದರೆ ಹೊರಗಿನ ಬಾಕ್ಸುಗಳನ್ನು ಬಂದ್ ಮಾಡಿ. ಪಕ್ಕದ ಮನೆಯವರೂ ಮಲಗಬೇಕು.

ಉಪ್ಪುಗಾಳಿ ಮತ್ತು ಮಳೆಗಾಲ

ಕಡಲ ಬದಿಯ ನಮಗೆ ಮೈಕಿನ ದೊಡ್ಡ ಶತ್ರು ತೇವ. ಪೂಜೆ ಮುಗಿದ ಮೇಲೆ ಸೆಲ್ ತೆಗೆದಿಡಿ. ವಾರಗಟ್ಟಲೆ ಒಳಗೇ ಬಿಟ್ಟ ಸೆಲ್ ಸೋರಿದರೆ ಸ್ಪ್ರಿಂಗ್ ಹಸಿರುಗಟ್ಟುತ್ತದೆ. ಆಲ್ಕಲೈನ್ ಸೋರಿಕೆ ಕ್ಷಾರ, ಹತ್ತಿಯ ಕಡ್ಡಿಯನ್ನು ಬಿಳಿ ವಿನೆಗರಿನಲ್ಲಿ ಅದ್ದಿ ಒರೆಸಿದರೆ ಹೋಗುತ್ತದೆ. ಬಳಿಕ ಚೆನ್ನಾಗಿ ಒಣಗಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈಕನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಶೂ ಡಬ್ಬಿಗಳಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ.

ಜಾಲರಿಯನ್ನು ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಸೋಪಿನ ನೀರಿನಲ್ಲಿ ಮೆದು ಬ್ರಶ್ಶಿನಿಂದ ತೊಳೆದು, ಒಳಗಿನ ಸ್ಪಂಜೂ ಪೂರ್ತಿ ಒಣಗಿದ ಮೇಲೆ ಮರಳಿ ಹಾಕಿ. ಇಷ್ಟೊಂದು ಬಾಯಿಗಳ ಹತ್ತಿರ ಹೋಗುವ ವಸ್ತುವನ್ನು ಕೋವಿಡ್ ಬರುವವರೆಗೆ ನಾವ್ಯಾರೂ ತೊಳೆದಿರಲಿಲ್ಲ ಎಂಬುದು ನೆನಪಾದರೆ ಮುಜುಗರವಾಗುತ್ತದೆ. ಕ್ಯಾಪ್ಸೂಲಿನ ಮೇಲೆ ನೀರನ್ನಾಗಲಿ ಸ್ಯಾನಿಟೈಸರನ್ನಾಗಲಿ ಸಿಂಪಡಿಸಬೇಡಿ.

ವಾಚನಪೀಠದಲ್ಲಿ ವೈರಿನ ಮೈಕ್ ಒಂದು ಯಾವಾಗಲೂ ಜೋಡಿಸಿಯೇ ಇರಲಿ. ಕಾರ್ಡ್‌ಲೆಸ್ ಕೈಕೊಟ್ಟರೆ ಅದನ್ನು ಸರಿಪಡಿಸುತ್ತಾ ನಿಲ್ಲಬೇಡಿ. ಮಾತನಾಡುತ್ತಿರುವವರ ತೋಳು ಮುಟ್ಟಿ ಅಲ್ಲಿಗೆ ಕರೆದುಕೊಂಡು ಹೋಗಿ, ಮೊದಲಿನಿಂದ ಹೇಳಲು ಬಿಡಿ.